ಮುಗಿಲಿಗೆ ವಾಡಿಕೆಯುಂಟೆ?

ಮಳೆಗಾಲ ಮುಗಿಯುತ್ತ ಬಂದ ಹಾಗೆಲ್ಲ ದಿನಪತ್ರಿಕೆಯ ಒಳಪುಟದಲ್ಲಿ ಒಂದು ಸಣ್ಣ ಸುದ್ದಿ ತಪ್ಪದೆ ಕಾಣಿಸಿಕೊಳ್ಳುತ್ತದೆ: ಇಂಥ ಜಿಲ್ಲೆಯಲ್ಲಿ ವಾಡಿಕೆಗಿಂತ ಇಷ್ಟು ಹೆಚ್ಚು ಮಳೆಯಾಗಿದೆ, ಇಂಥ ಜಿಲ್ಲೆಯಲ್ಲಿ ವಾಡಿಕೆಗಿಂತ ಇಷ್ಟು ಕಡಮೆ. ನಾವು ಅದನ್ನು ಓದಿ ಮುಂದಿನ ಪುಟಕ್ಕೆ ಹೋಗುತ್ತೇವೆ. ಮಳೆಯ ಅಳತೆಗೆ 'ವಾಡಿಕೆ' ಎಂಬ ಮಾತನ್ನು ಮೊದಲು ಯಾರು ಬಳಸಿದರೋ ತಿಳಿಯದು. ಬಳಸಿದವರು ಭಾಷೆ ಬಲ್ಲವರೇ ಇರಬೇಕು. ವಾಡಿಕೆಯ ಅಂಗಡಿ, ವಾಡಿಕೆಯ ವೈದ್ಯರು ಎನ್ನುವಾಗ ಆ ಮಾತಿನಲ್ಲಿ ಬರಿಯ ಅಭ್ಯಾಸವಲ್ಲದೆ ಒಂದು ಸಲುಗೆಯೂ, ಸಲುಗೆಯ ಹಿಂದೆ ಒಂದು ಬಗೆಯ ಹಕ್ಕೂ ಇರುತ್ತದೆ. ವಾಡಿಕೆಯ ಅಂಗಡಿಯವನು ಒಂದು ದಿನ ಸಾಲ ಕೊಡಲಾರೆನೆಂದರೆ ನಮಗೆ ಬರುವುದು ಆಶ್ಚರ್ಯವಲ್ಲ, ಸಿಟ್ಟು. ಮುಗಿಲಿನ ವಿಷಯದಲ್ಲಿಯೂ ಹಾಗೆಯೆ. 'ಈ ಸಲ ಮಳೆ ಮೋಸ ಮಾಡಿತು' ಎನ್ನುತ್ತೇವೆ. ಮೋಸ ಮಾಡುವವನು ಮೊದಲು ಮಾತು ಕೊಟ್ಟಿರಬೇಕಲ್ಲವೆ? ಮುಗಿಲು ನಮಗೆ ಎಂದು ಮಾತು ಕೊಟ್ಟಿತ್ತು?

ಈ ಪ್ರಶ್ನೆ ಏಳುವುದಕ್ಕೆ ವರ್ಷದಲ್ಲಿ ತಕ್ಕ ಕಾಲವೆಂದರೆ ಶರದೃತುವಿನ ಆರಂಭ. ತಕ್ಕ ಸ್ಥಳವೆಂದರೆ ಸಹ್ಯಾದ್ರಿಯ ಬುಡ. ಬಾರ್ಕೂರಿನಿಂದ ಆಗುಂಬೆಯ ಘಟ್ಟ ಸುಮಾರು 50 ಕಿಲೋಮೀಟರು. ಕಡಲಿನಿಂದ ಬಂದ ನೀರುಗಾಳಿ ಇಷ್ಟು ಕಿರಿದಾದ ಬಯಲನ್ನು ದಾಟಿ, ಒಮ್ಮೆಲೆ 600 ಮೀಟರಿಗೂ ಮಿಕ್ಕ ಗೋಡೆಯನ್ನು ಏರಬೇಕು. ಏರಿದಂತೆ ತಣಿಯುತ್ತದೆ, ತಣಿದಂತೆ ಹೊತ್ತ ನೀರನ್ನು ಇಳಿಸುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿನಷ್ಟು ಮಳೆಯಾದರೆ ಆಗುಂಬೆಯಲ್ಲಿ 7,000ವನ್ನು ಮೀರುತ್ತದೆ. ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಅಲ್ಲಿ ಮಳೆ ಬರುತ್ತದೆ ಎನ್ನುವುದಕ್ಕಿಂತ ಮಳೆ ನಿಂತಿದೆ, ಊರು ಅದರೊಳಗೆ ಇದೆ ಎನ್ನುವುದೇ ಸರಿ.

ಸೋಣೆ ತಿಂಗಳು ಕಳೆದು ಕನ್ಯಾಮಾಸ ಬಂತೆಂದರೆ ಬೆಟ್ಟದ ಚರ್ಯೆ ಬದಲಾಗುತ್ತದೆ. ಪಡುವಣ ಗಾಳಿಯ ಬಲ ಕುಗ್ಗುತ್ತದೆ. ಬೆಳಗ್ಗೆ ಕಣಿವೆಯಲ್ಲಿ ಮಂಜು, ಹತ್ತು ಗಂಟೆಗೆ ತೊಳೆದಿಟ್ಟಂಥ ಬಿಸಿಲು, ಮಧ್ಯಾಹ್ನ ಸರಿದ ಮೇಲೆ ಮೂಡಣದಿಂದ ಗುಡುಗು. ಆಷಾಢದ ಜಡಿಮಳೆಗೆ ಗುಡುಗಿನ ಹಂಗಿಲ್ಲ; ಅದು ಮಾತಿಲ್ಲದೆ ದುಡಿಯುವ ಆಳು. ಹೊರಡುವ ಕಾಲದ ಮಳೆ ಮಾತ್ರ ಸದ್ದು ಮಾಡಿಯೇ ಬರುತ್ತದೆ, ಒಂದು ಗಂಟೆ ಹೊಯ್ದು ಹೋಗುತ್ತದೆ. ಕೊಡಚಾದ್ರಿಯ ನೆತ್ತಿಯ ಹುಲ್ಲು ಇನ್ನೂ ಹಸುರು. ಆದರೆ ತುದಿಯಲ್ಲಿ ಹೊಂಬಣ್ಣ ಹತ್ತುತ್ತಿರುತ್ತದೆ. ಬೇಲಿಗಳಲ್ಲಿ ಗೌರಿಹೂ ಅರಳಿ ಮುಗಿಯುತ್ತದೆ. ಕಾಡುದಾರಿಯಲ್ಲಿ ಉಂಬಳದ ಕಾಟ ಇಳಿಯುತ್ತದೆ. ಆಗುಂಬೆಯ ಸೂರ್ಯಾಸ್ತದ ಕಟ್ಟೆಯಲ್ಲಿ ನಿಂತವರಿಗೆ ಮೂರು ತಿಂಗಳಿನಿಂದ ಬಿಳಿಯ ಗೋಡೆಯೊಂದೇ ಕಾಣುತ್ತಿದ್ದ ಕಡೆ, ಸ್ವಚ್ಛವಾದ ಸಂಜೆಗಳಲ್ಲಿ ದೂರದ ಕಡಲು ಮಿನುಗುತ್ತದೆ.

ನಮ್ಮ ಹಿಂದಿನವರು ಈ ಬದಲಾವಣೆಗೆ ಕೊಟ್ಟ ಬೆಲೆ ಅಷ್ಟಿಷ್ಟಲ್ಲ. 'ವರ್ಷ' ಎಂಬ ಮಾತಿನಲ್ಲಿಯೇ ಮಳೆಯಿದೆ. ಆದರೂ ವೈದಿಕರು ಹರಸುವಾಗ ನೂರು ಮಳೆಗಾಲ ಬಾಳು ಎನ್ನಲಿಲ್ಲ, ನೂರು ಶರತ್ತು ಬಾಳು ಎಂದರು. ಮಳೆಗಾಲವನ್ನು ದಾಟಿ ಶರತ್ತನ್ನು ಕಂಡವನೇ ಒಂದು ವರ್ಷ ಬದುಕಿದವನು ಎಂಬುದು ಅದರ ಭಾವವಾಗಿದ್ದೀತು. 'ಋತು' ಮತ್ತು 'ಋತ' ಎರಡೂ ಒಂದೇ ಧಾತುವಿನ ಮಕ್ಕಳು. ಋತವೆಂದರೆ ಜಗತ್ತಿನ ನಡೆ, ಕ್ರಮ, ಸತ್ಯ. ಅದಕ್ಕೆ ಎದುರಾದುದು ಅನೃತ, ಎಂದರೆ ಸುಳ್ಳು. ಕಾಲಕ್ಕೆ ಸರಿಯಾಗಿ ಬಾರದ ಋತುವನ್ನು ಸುಳ್ಳುಗಾರನೆಂದು ಬಗೆಯುವ ನಮ್ಮ ಮನಸ್ಸಿನ ಬೇರು ಅಷ್ಟು ಹಳೆಯದು.

ಆದರೆ ಆ ಕ್ರಮವನ್ನು ನಾವು ಬರೆದಿಟ್ಟುಕೊಂಡ ಪುಸ್ತಕಗಳನ್ನು ಒಮ್ಮೆ ನೋಡೋಣ. ಒಂದು ಪುಸ್ತಕ ಪಂಚಾಂಗ. ಸೂರ್ಯನಿರುವ ನಕ್ಷತ್ರದ ಹೆಸರಿನಲ್ಲಿ ಮಳೆಯನ್ನು ಕರೆಯುವುದು ನಮ್ಮ ರೈತರ ಪದ್ಧತಿ. ಆಗಸ್ಟ್ ನಡುವಿನಲ್ಲಿ ಮಘೆ, ಅನಂತರ ಹುಬ್ಬೆ, ಸೆಪ್ಟೆಂಬರಿನ ನಡುವೆ ಉತ್ತರೆ, ಕೊನೆಗೆ ಹಸ್ತ, ಅಕ್ಟೋಬರಿನಲ್ಲಿ ಚಿತ್ತೆ, ಸ್ವಾತಿ. ಮಘೆ ಮಳೆ ಬಂದಷ್ಟು ಒಳ್ಳೆಯದು, ಮನೆ ಮಗ ಉಂಡಷ್ಟು ಒಳ್ಳೆಯದು ಎಂಬಂಥ ಗಾದೆಗಳು ಈ ನಕ್ಷತ್ರಗಳ ಸುತ್ತ ಹುಟ್ಟಿಕೊಂಡಿವೆ. ನಕ್ಷತ್ರಗಳು ಅಚಲವೆಂಬ ಭರವಸೆಯೇ ಇದರ ಬುನಾದಿ. ಆದರೆ ಭೂಮಿಯ ಅಕ್ಷದ ನಿಧಾನವಾದ ಓಲಾಟದಿಂದ ಋತುಗಳಿಗೂ ನಕ್ಷತ್ರಗಳಿಗೂ ಇರುವ ಹೊಂದಿಕೆ ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ಜಾರುತ್ತಿದೆ. ಒಂದು ಆಯುಷ್ಯದಲ್ಲಿ ಒಂದು ದಿನ, ಯಾರಿಗೂ ಗೊತ್ತಾಗುವಂತಿಲ್ಲ. ಸಾವಿರ ವರ್ಷಕ್ಕೆ ಅದು 14 ದಿನವಾಗುತ್ತದೆ. ಬಾರ್ಕೂರು ಆಳುಪ ಅರಸರ ರಾಜಧಾನಿಯಾಗಿದ್ದ ಕಾಲದಲ್ಲಿ ಋತುವಿನ ಯಾವ ಘಟ್ಟದಲ್ಲಿ ಮಘೆಯ ಮಳೆ ಬರುತ್ತಿತ್ತೋ ಅದೇ ಘಟ್ಟದಲ್ಲಿ ಈಗ ಆಶ್ಲೇಷೆಯ ಮಳೆ ಬರುತ್ತದೆ. ಆಕಾಶ ಅದೇ, ಮಳೆ ಅದೇ. ಅವೆರಡರ ಒಪ್ಪಂದವೆಂದು ನಾವು ತಿಳಿದದ್ದು ಮಾತ್ರ ಒಂದು ನಕ್ಷತ್ರದಷ್ಟು ಸರಿದಿದೆ.

ಇನ್ನೊಂದು ಪುಸ್ತಕ ಹವಾಮಾನ ಇಲಾಖೆಯದು. ನೈರುತ್ಯ ಮಾರುತ ರಾಜಸ್ಥಾನದ ಪಶ್ಚಿಮದ ಅಂಚಿನಿಂದ ಹಿಂದೆ ಸರಿಯಲು ತೊಡಗುವ ದಿನ ಸೆಪ್ಟೆಂಬರ್ 1 ಎಂದು ಬಹುಕಾಲ ಅಲ್ಲಿ ನಮೂದಾಗಿತ್ತು. 2020ರಲ್ಲಿ ಇಲಾಖೆ ಅದನ್ನು ತಿದ್ದಿ ಸೆಪ್ಟೆಂಬರ್ 17 ಎಂದು ಮಾಡಿತು. ಇಡೀ ದೇಶದ ನಾಲ್ಕು ತಿಂಗಳ ವಾಡಿಕೆಯ ಮಳೆ 1961ರಿಂದ 2010ರವರೆಗಿನ ಲೆಕ್ಕದಲ್ಲಿ 88 ಸೆಂಟಿಮೀಟರು. 2022ರಲ್ಲಿ 1971ರಿಂದ 2020ರವರೆಗಿನ ಲೆಕ್ಕವನ್ನು ಹಿಡಿದಾಗ ಅದು 87 ಆಯಿತು. ಹೀಗೆ ತಿದ್ದಿದ್ದು ತಪ್ಪೆಂದು ಯಾರೂ ಹೇಳಲಾರರು. ತಿದ್ದದೆ ಇದ್ದರೆ ಅದೇ ತಪ್ಪಾಗುತ್ತಿತ್ತು. ಆದರೆ ಇದರಿಂದ ಒಂದು ಸಂಗತಿ ಹೊಳೆಯುತ್ತದೆ. ವಾಡಿಕೆಯೆಂಬುದು ಕಳೆದುಹೋದ ಮಳೆಗಳನ್ನು ಕೂಡಿಸಿ ವರ್ಷಗಳಿಂದ ಭಾಗಿಸಿ ಪಡೆದ ಒಂದು ಅಂಕೆ. ಆ ಅಂಕೆಗೆ ಸರಿಯಾಗಿ ಸುರಿದ ವರ್ಷವನ್ನು ಹುಡುಕಿದರೆ ಸಿಕ್ಕುವುದು ಕಷ್ಟ. ಮುಗಿಲು ಅದನ್ನು ಓದಿಲ್ಲ. ಅದಕ್ಕೆ ರುಜು ಹಾಕಿಲ್ಲ.

18ನೆಯ ಶತಮಾನದ ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಹೇಳಿದ್ದೂ ಇದನ್ನೇ. ನಾಳೆಯ ದಿನ ನಿನ್ನೆಯಂತೆಯೆ ಇರುತ್ತದೆಂದು ಸಾಧಿಸಿ ತೋರಿಸುವ ತರ್ಕ ಯಾವುದೂ ಇಲ್ಲ. ಒಂದರ ಹಿಂದೆ ಒಂದು ಬರುವುದನ್ನು ಮತ್ತೆ ಮತ್ತೆ ಕಂಡ ಮನಸ್ಸು ಹಾಗೆ ನಿರೀಕ್ಷಿಸುವ ರೂಢಿ ಬೆಳೆಸಿಕೊಳ್ಳುತ್ತದೆ, ಅಷ್ಟೆ. ಆತ ಬಳಸಿದ ಇಂಗ್ಲಿಷ್ ಮಾತಿಗೆ ಕನ್ನಡದಲ್ಲಿ 'ವಾಡಿಕೆ'ಗಿಂತ ಒಳ್ಳೆಯ ಮಾತು ಸಿಕ್ಕದು. 1748ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಆತ ವಾಡಿಕೆಯನ್ನು ಮನುಷ್ಯಜೀವನದ ದಾರಿದೀಪವೆಂದು ಮನ್ನಿಸಿದ. ಅದರ ಜೊತೆಯಲ್ಲಿಯೇ ಅದು ಇರುವುದು ವಸ್ತುಗಳಲ್ಲಲ್ಲ, ನಮ್ಮ ಮನಸ್ಸಿನಲ್ಲಿ ಎಂದ. ನಮ್ಮ ಚಾರ್ವಾಕರೂ ಅನುಮಾನವನ್ನು ಪ್ರಮಾಣವೆಂದು ಒಪ್ಪಲಿಲ್ಲ. ಹಾಗಾದರೆ ವಾಡಿಕೆ ಇರುವುದು ಮಳೆಗಲ್ಲ, ನಮಗೆ.

ಇಲ್ಲಿಗೆ ಮಾತು ಮುಗಿಯಿತೆಂದು ತಿಳಿದರೆ ಬದುಕುವುದು ಹೇಗೆ? ರೈತನು ಬಿತ್ತುವುದು ಯಾವ ಧೈರ್ಯದಿಂದ? ಈ ತೊಡಕಿಗೆ ನೈಯಾಯಿಕರು ಕೊಟ್ಟ ಉತ್ತರ ಹೊಳೆಯ ದಡದಲ್ಲಿ ಬಾಳುವ ನಮಗೆ ತೀರ ಹತ್ತಿರದ್ದು. ಅನುಮಾನಕ್ಕೆ ಅವರು ಕೊಡುವ ಉದಾಹರಣೆಯೇ ಮಳೆಯದು: ಉಕ್ಕಿದ ಹೊಳೆಯನ್ನು ಕಂಡು ಮೇಲೆ ಮಳೆಯಾಗಿದೆಯೆಂದು ತಿಳಿಯುವುದು. ಆಗುಂಬೆಯ ಕಡೆಯ ಬೆಟ್ಟಗಳಲ್ಲಿ ಹುಟ್ಟಿ, ಹೆಬ್ರಿಯ ಮೇಲೆ ಹಾದು, ಬಾರ್ಕೂರಿನ ಮಗ್ಗುಲಲ್ಲಿ ಹರಿದು ಕಡಲು ಸೇರುವ ಸೀತಾನದಿಯ ದಡದಲ್ಲಿ ಈ ಅನುಮಾನ ದಿನನಿತ್ಯದ ವ್ಯವಹಾರ. ತಲೆಯ ಮೇಲೆ ನಿರ್ಮಲವಾದ ಆಕಾಶವಿದ್ದಾಗಲೂ ದಡದ ಹಿರಿಯರು 'ಹೊಳಿ ಕೆಂಪಾಯ್ತ್ ಕಾಣಿ, ಘಟ್ಟದಲ್ ಮಳಿ ಹೊಡಿತಾ ಇತ್ತ್' ಎಂದು ದೋಣಿಯನ್ನು ಮೇಲಕ್ಕೆ ಎಳೆಸುತ್ತಾರೆ. ಅವರು ನ್ಯಾಯಸೂತ್ರ ಓದಿದವರಲ್ಲ.

ಪೂರ್ವಪಕ್ಷದವನು ಕೇಳುತ್ತಾನೆ: ಕೆಳಗೆ ಎಲ್ಲೋ ಕಟ್ಟೆ ಕಟ್ಟಿದ್ದರೂ ಹೊಳೆ ಉಕ್ಕೀತು; ಆದುದರಿಂದ ನಿಮ್ಮ ಅನುಮಾನ ನಂಬತಕ್ಕದ್ದಲ್ಲ. ಅದಕ್ಕೆ ಸಿದ್ಧಾಂತಿಯ ಉತ್ತರ ಸೊಗಸಾಗಿದೆ. ಕಟ್ಟೆಯಿಂದ ಉಕ್ಕಿದ ಹೊಳೆಯೇ ಬೇರೆ, ಮಳೆಯಿಂದ ಉಕ್ಕಿದ ಹೊಳೆಯೇ ಬೇರೆ. ಮಳೆಯ ನೀರಿಗೆ ಸೆಳೆತವಿರುತ್ತದೆ. ನೊರೆ, ಎಲೆ, ಕಾಯಿ, ಕಟ್ಟಿಗೆಗಳನ್ನು ಅದು ಹೊತ್ತು ತರುತ್ತದೆ. ಇವನ್ನು ನೋಡದೆ ಬರಿಯ ಉಬ್ಬರವನ್ನು ನೋಡಿ ನಿರ್ಣಯಿಸಿದರೆ ತಪ್ಪಿದ್ದು ಅನುಮಾನವಲ್ಲ, ನೋಡಿದವನು. ಇದರ ತಾತ್ಪರ್ಯವೇನು? ಲೋಕದ ಕ್ರಮವನ್ನು ನಂಬುವುದು ತಪ್ಪಲ್ಲ. ಆದರೆ ನಂಬುವವನಿಗೆ ನೋಡುವ ಕರ್ತವ್ಯವಿದೆ. ನಂಬಿಕೆಯ ಹೆಸರಿನಲ್ಲಿ ನೋಡುವುದನ್ನು ಬಿಟ್ಟವನು ಕೊನೆಗೆ ಹೊಳೆಯ ಮೇಲೆ ದೂರು ಹೇಳಬೇಕಾಗುತ್ತದೆ. ಹ್ಯೂಮನು ಗರ್ವವನ್ನು ಇಳಿಸಿದರೆ ನೈಯಾಯಿಕನು ಕೈಗೆ ಕೆಲಸ ಕೊಡುತ್ತಾನೆ. ನಮಗೆ ಎರಡೂ ಬೇಕು.

ಆದರೆ ನಂಬಿಕೆ ತಪ್ಪುವ ಸಂದರ್ಭ ಎಷ್ಟು ನೋಡಿದರೂ ಬಂದೇ ಬರುತ್ತದೆ. ಇದೇ ಕಾಲದಲ್ಲಿ ಗದ್ದೆಗಳ ಮೇಲೆ ಗುಂಪುಗುಂಪಾಗಿ ಹಾರುವ ಹೊಂಬಣ್ಣದ ಏರೋಪ್ಲೇನ್ ಚಿಟ್ಟೆಗಳನ್ನು ನೋಡಿ. ಇವುಗಳಲ್ಲಿ ಒಂದು ಜಾತಿ ಹಿಂದಿರುಗುವ ಮಾರುತದ ಗಾಳಿಯನ್ನೇರಿ, ಭಾರತದಿಂದ ಮಾಲ್ದೀವ್ಸ್ ದ್ವೀಪಗಳನ್ನು ದಾಟಿ ಆಫ್ರಿಕದ ಪೂರ್ವತೀರದವರೆಗೆ ಕಡಲ ಮೇಲೆ ಹಾರಿಹೋಗುತ್ತದೆಂದು ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಪ್ರತಿಪಾದಿಸಿದರು. ಬೆರಳುದ್ದದ ಜೀವ, ಗಾಳಿಯ ವಾಡಿಕೆಯನ್ನು ನಂಬಿ ಸಮುದ್ರಕ್ಕೆ ಇಳಿಯುತ್ತದೆ. ಒಂದು ವರ್ಷ ಗಾಳಿ ಬೇರೆ ಕಡೆ ತಿರುಗಿದರೆ ಅದು ನೀರಿಗೆ ಬೀಳುತ್ತದೆ. ಆ ಸಾವಿನಲ್ಲಿ ನ್ಯಾಯವೂ ಇಲ್ಲ, ಅನ್ಯಾಯವೂ ಇಲ್ಲ. ಮನುಷ್ಯನ ಮಾತು ಹಾಗಲ್ಲ. ಅವನೂ ಗಾಳಿಯನ್ನು ನಂಬುತ್ತಾನೆ. ಜೊತೆಗೆ ಆ ನಂಬಿಕೆಯ ಮೇಲೆ ಇನ್ನೊಬ್ಬ ಮನುಷ್ಯನಿಗೆ ಮಾತು ಕೊಡುತ್ತಾನೆ, ಇನ್ನೊಬ್ಬನಿಂದ ಮಾತು ತೆಗೆದುಕೊಳ್ಳುತ್ತಾನೆ. ಕಾರ್ತಿಯ ಪೈರು ಕೈಗೆ ಬಂದ ಮೇಲೆ ಸಾಲ ತೀರಿಸುತ್ತೇನೆ. ಅಡಕೆ ಕೊಯ್ಲಾದ ಮೇಲೆ ಮಗಳ ಮದುವೆ ಮಾಡುತ್ತೇನೆ. ನೀತಿಯ ಪ್ರಶ್ನೆ ಹುಟ್ಟುವುದು ಮುಗಿಲಿನಲ್ಲಲ್ಲ, ಇಲ್ಲಿ. ಮುಗಿಲು ವಾಡಿಕೆ ತಪ್ಪಿದಾಗ ಆ ತಪ್ಪಿನ ಭಾರವನ್ನು ಯಾರು ಹೊರಬೇಕು?

ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಬಹುಕಾಲ ಒಂದೇ ಉತ್ತರವಿತ್ತು. ಮೂಲಗೇಣಿಯ ಒಕ್ಕಲಿಗೆ ಭೂಮಿಯ ಮೇಲೆ ನಿಲುಗಡೆಯಿತ್ತು, ಗೇಣಿ ಗೊತ್ತಾಗಿತ್ತು. ಚಾಲಗೇಣಿಯ ಒಕ್ಕಲಿಗೆ ವರ್ಷದಿಂದ ವರ್ಷಕ್ಕೆ ಧಣಿಯ ಮರ್ಜಿಯೇ ಗತಿ. ಗೇಣಿ ನಿಗದಿಯಾಗುತ್ತಿದ್ದುದು ಇಷ್ಟು ಮುಡಿ ಅಕ್ಕಿಯೆಂದು. ಬೆಳೆದುದರಲ್ಲಿ ಇಷ್ಟು ಪಾಲೆಂದು ಅಲ್ಲ. ಮೇಲುನೋಟಕ್ಕೆ ಇದರಲ್ಲಿ ದೋಷ ಕಾಣದು. ಆದರೆ ಯೋಚಿಸಿ ನೋಡಿದರೆ, ಕನ್ಯಾಮಾಸದಲ್ಲಿ ತೆನೆ ಬಾಗಿದ ಮೇಲೆ ಬಂದ ಮಳೆ ಬೈಲುಗದ್ದೆಯ ಪೈರನ್ನು ಮಲಗಿಸಿದರೂ, ಬೆಟ್ಟುಗದ್ದೆಗೆ ಹನಿ ಬೀಳದೆ ಪೈರು ಒಣಗಿದರೂ, ಮುಡಿಯ ಲೆಕ್ಕ ಮುಡಿಯ ಲೆಕ್ಕವೇ. ಮುಗಿಲಿನ ಅನಿಶ್ಚಯವೆಲ್ಲ ಒಕ್ಕಲಿಗೆ, ನಿಶ್ಚಯವೆಲ್ಲ ಧಣಿಗೆ. ಧಣಿಗಳಲ್ಲಿ ದಯಾಳುಗಳು ಇರಲಿಲ್ಲವೆಂದಲ್ಲ. ಬೆಳೆ ಹೋದ ವರ್ಷ ಗೇಣಿಯಲ್ಲಿ ರಿಯಾಯಿತಿ ಕೊಟ್ಟವರು ಇದ್ದಾರು. ಆದರೆ ದಯೆಯಿಂದ ಬಂದದ್ದು ದಯೆ ತಪ್ಪಿದರೆ ತಪ್ಪುತ್ತದೆ. ಮಳೆಯ ವಾಡಿಕೆಯನ್ನು ನೆಚ್ಚಿದ ಒಕ್ಕಲು ಮನುಷ್ಯರ ವಾಡಿಕೆಯನ್ನೂ ನೆಚ್ಚಬೇಕಾಗಿ ಬಂದದ್ದೇ ಅಲ್ಲಿನ ಅನ್ಯಾಯ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ಕಾನೂನು ಗೇಣಿಯನ್ನು ತೆಗೆದು ಉಳುವವನಿಗೆ ಭೂಮಿ ಕೊಟ್ಟಿತು. ಅಂದಿನಿಂದ ಪೈರು ಅವನದಾಯಿತು. ಮುಗಿಲಿನ ಅನಿಶ್ಚಯ ಮಾತ್ರ ಅವನಲ್ಲಿಯೇ ಉಳಿಯಿತು.

ಈಚಿನ ವರ್ಷಗಳಲ್ಲಿ ಅದನ್ನು ಹಂಚಿಕೊಳ್ಳುವ ಪ್ರಯತ್ನವೆಂದರೆ ಬೆಳೆ ವಿಮೆ. ಮಲೆನಾಡು, ಕರಾವಳಿಗಳಲ್ಲಿ ಅಡಕೆಗೂ ಕಾಳುಮೆಣಸಿಗೂ ಹವಾಮಾನದ ಆಧಾರದ ಮೇಲೆ ವಿಮೆಯಿದೆ. ಅಡಕೆಯ ಕೊಳೆರೋಗದ ಶಿಲೀಂಧ್ರಜೀವಿಯನ್ನು ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಭ್ಯಾಸ ಮಾಡಿ 1910ರಲ್ಲಿಯೇ ಬರೆದಿದ್ದರು. ಬಿಡುವಿಲ್ಲದ ಮಳೆ, ತಂಪು, ಒದ್ದೆ ಗಾಳಿ ಇವು ಅದಕ್ಕೆ ಹಬ್ಬ. ಮಳೆಗೆ ಮೊದಲು ಒಮ್ಮೆ, ನಡುವೆ ಒಮ್ಮೆ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸಿದರೆ ಸಾಕೆಂಬುದು ಬೆಳೆಗಾರರ ಲೆಕ್ಕ. ಶರತ್ತು ಬಂದರೂ ಮಳೆ ಬಿಡದಿದ್ದರೆ ಮೂರನೆಯ ಸಲ ಮರ ಹತ್ತಬೇಕು. ವಿಮೆ ಪರಿಹಾರ ಕೊಡುವುದು ಕೊಳೆತ ಕಾಯಿಯನ್ನು ಎಣಿಸಿ ಅಲ್ಲ, ಮಳೆಮಾಪಕದ ಅಂಕೆಯನ್ನು ನೋಡಿ. ಬೆಟ್ಟದ ಮಳೆಯಾದರೋ ಒಂದು ಕಣಿವೆಯಲ್ಲಿ ಸುರಿದು ಪಕ್ಕದ ಕಣಿವೆಯನ್ನು ಒಣದಾಗಿ ಬಿಡುವ ಜಾತಿಯದು. ಮಾಪಕವಿರುವ ಕಡೆ ಬಿಸಿಲಿದ್ದು ತೋಟವಿರುವ ಕಡೆ ಕೊಳೆ ಬಂದರೆ ಯಾವುದು ಸತ್ಯ? ನೈಯಾಯಿಕನ ಎಚ್ಚರಿಕೆ ಇಲ್ಲಿಯೂ ಸಲ್ಲುತ್ತದೆ: ಉಬ್ಬರವನ್ನಷ್ಟೆ ನೋಡಬೇಡಿ, ಹೊಳೆ ಹೊತ್ತು ತಂದ ಎಲೆ ಕಾಯಿಗಳನ್ನೂ ನೋಡಿ. ಹಾಗೆಂದು ವಿಮೆಯ ತತ್ತ್ವವನ್ನು ಹಳಿಯುವುದು ಸಲ್ಲದು. ಮುಗಿಲಿನ ತಪ್ಪನ್ನು ಒಬ್ಬನೇ ಹೊರಬಾರದು, ಹಲವರು ಕೂಡಿ ಹೊರಬೇಕೆಂಬ ಧರ್ಮ ಅದರ ಒಡಲಿನಲ್ಲಿದೆ. ಅದನ್ನು ನಡೆಸುವವರಿಗೆ ನೋಡುವ ಕಣ್ಣಿರಬೇಕು.

ಇಷ್ಟರವರೆಗೆ ಮುಗಿಲನ್ನು ನಿರ್ದೋಷಿಯೆಂದು ಹೇಳಿದ್ದಾಯಿತು. ಆದರೆ ನಮ್ಮ ಕಾಲದಲ್ಲಿ ಇನ್ನೊಂದು ತೊಡಕು ಸೇರಿಕೊಂಡಿದೆ. 2020ರ ಸೆಪ್ಟೆಂಬರ್ 19ರ ರಾತ್ರಿ ಉಡುಪಿ ಜಿಲ್ಲೆಯಲ್ಲಿ ಸುರಿದ ಮಳೆಯನ್ನು ಈ ಕಡೆಯವರು ಮರೆತಿಲ್ಲ. ಮಹಾಲಯ ಅಮಾವಾಸ್ಯೆ ಕಳೆದು ಅಧಿಕಮಾಸ ಹಿಡಿದಿತ್ತು. ಇಲಾಖೆಯ ಹೊಸ ಪಟ್ಟಿಯ ಪ್ರಕಾರ ಮಾರುತ ದೇಶದ ಆ ತುದಿಯಿಂದ ಹಿಂದಿರುಗತೊಡಗುವ ದಿನವೂ ಕಳೆದಿತ್ತು. ಬೆಳಗಾಗುವುದರೊಳಗೆ ಸ್ವರ್ಣಾ, ಸೀತಾ ನದಿಗಳ ತಗ್ಗಿನ ಊರುಗಳಿಗೆ ನೀರು ನುಗ್ಗಿ, ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ಆ ಒಂದು ರಾತ್ರಿಗೆ ಇಂಥದೇ ಕಾರಣವೆಂದು ಬೆರಳು ತೋರುವುದು ವಿವೇಕವಲ್ಲ. ಆದರೆ ಮನುಷ್ಯನ ಕೃತ್ಯದಿಂದ ಭೂಮಿ, ಕಡಲು, ಗಾಳಿ ಬಿಸಿಯಾಗಿವೆಯೆಂಬುದರಲ್ಲಿ ಸಂಶಯವಿಲ್ಲವೆಂದು ಜಗತ್ತಿನ ವಿಜ್ಞಾನಿಗಳ ಮಂಡಲಿ 2021ರ ವರದಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಬಿಸಿಯಾದ ಗಾಳಿ ಹೆಚ್ಚು ನೀರನ್ನು ಹೊರುತ್ತದೆಂಬುದು ಶಾಲೆಯ ಪಾಠ. ಹಾಗಾದರೆ 'ಅಕಾಲ' ಎಂಬ ಮಾತಿಗೆ ಈಗ ಹೊಸ ಅರ್ಥ ಬಂದಿದೆ. ಹಿಂದೆ ಅಕಾಲಕ್ಕೆ ಕರ್ತೃವಿರಲಿಲ್ಲ. ಈಗ ಅಲ್ಪಸ್ವಲ್ಪವಾದರೂ ಇದ್ದಾನೆ. ಅವನು ಒಬ್ಬನಲ್ಲ, ಕೋಟಿ ಜನ; ಪಾಲು ಸಮನಾಗಿಯೂ ಇಲ್ಲ. ಘಟ್ಟದ ತಪ್ಪಲಿನಲ್ಲಿ ಎರಡು ಎಕರೆ ತೋಟ ಮಾಡಿದವನ ಪಾಲು ಬಹಳ ಸಣ್ಣದು. ಪೇಟೆಯಲ್ಲಿ ಕುಳಿತು ಗುಂಡಿ ಒತ್ತಿದರೆ ತಂಪು, ಒತ್ತಿದರೆ ಬಿಸಿ ಪಡೆಯುವ ನಮ್ಮ ಪಾಲು ಅವನದಕ್ಕಿಂತ ದೊಡ್ಡದು. ನಮಗಿಂತ ಎಷ್ಟೋ ಪಾಲು ದೊಡ್ಡದನ್ನು ಹೊರಬೇಕಾದ ದೇಶಗಳಿವೆ. ನಷ್ಟದ ಪಾಲು ಬರುವಾಗ ಈ ಲೆಕ್ಕ ತಲೆಕೆಳಗಾಗುತ್ತದೆ. ಹಳೆಯ ಗೇಣಿಯ ಲೆಕ್ಕವೇ ಬೇರೆ ವೇಷದಲ್ಲಿ ಮರಳಿ ಬಂದಿದೆಯೆಂದರೆ ತಪ್ಪಾಗಲಾರದು: ನಿಶ್ಚಯ ಒಬ್ಬರಿಗೆ, ಅನಿಶ್ಚಯ ಇನ್ನೊಬ್ಬರಿಗೆ.

ಈ ಸ್ಥಿತಿಯಲ್ಲಿ ಎರಡು ಮನೋಧರ್ಮಗಳು ಸುಲಭವಾಗಿ ಕೈಗೆ ಸಿಕ್ಕುತ್ತವೆ. ಎಲ್ಲವೂ ವಿಧಿಯೆಂದು ಕೈಮುಗಿದು ಕುಳಿತುಕೊಳ್ಳುವುದು ಒಂದು. ಮುಗಿಲನ್ನೂ ಯಂತ್ರದಂತೆ ಹಿಡಿತಕ್ಕೆ ತರುತ್ತೇವೆಂದು ಬೀಗುವುದು ಇನ್ನೊಂದು. ಮೊದಲನೆಯದು ನೋಡುವ ಕರ್ತವ್ಯವನ್ನು ಬಿಡುತ್ತದೆ. ಎರಡನೆಯದು ಮುಗಿಲು ನಮಗೆ ಬದ್ಧವೆಂಬ ಭ್ರಮೆಯನ್ನು ಹೊಸದಾಗಿ ಹುಟ್ಟಿಸುತ್ತದೆ. ಎರಡರಲ್ಲಿಯೂ ನೆರೆಯವನ ಪಾಲಿನ ಪ್ರಶ್ನೆ ಮರೆಯಾಗುತ್ತದೆ. ನಮ್ಮ ಕಡೆಯ ಒಂದು ಹಳೆಯ ಆಚರಣೆ ಮೂರನೆಯ ದಾರಿಯನ್ನು ತೋರಿಸುವಂತಿದೆ. ಕುಂದಾಪುರ ಸೀಮೆಯಲ್ಲಿ ಶರತ್ತು ಬಂದ ಮೇಲೆ ಗದ್ದೆಯಿಂದ ಹೊಸ ಕದಿರನ್ನು ತಂದು ಪೂಜೆ ಮಾಡಿ ಮನೆಯ ಬಾಗಿಲಿಗೆ ಕಟ್ಟುತ್ತಾರೆ. ಹೊಸ ಅಕ್ಕಿಯ ನಾಲ್ಕು ಕಾಳನ್ನು ಹಳೆಯ ಅಕ್ಕಿಗೆ ಬೆರಸಿ ಉಣ್ಣುತ್ತಾರೆ. ಗದ್ದೆಯಿಲ್ಲದವರಿಗೆ ದೇವಸ್ಥಾನಗಳಲ್ಲಿ ಕದಿರು ಹಂಚುವುದೂ ಉಂಟು. ಕರಾವಳಿಯ ಕ್ರೈಸ್ತರು ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಇದೇ ಹೊಸ ತೆನೆಯನ್ನು ಇಗರ್ಜಿಗೆ ಒಯ್ದು ಹರಸಿ ತರುತ್ತಾರೆ.

ಈ ಕದಿರು ಕಟ್ಟುವ ಹೊತ್ತಿಗೆ ಕೊಯ್ಲು ಮುಗಿದಿರುವುದಿಲ್ಲ. ಗದ್ದೆಯ ಪೈರು ಗದ್ದೆಯಲ್ಲಿಯೇ ನಿಂತಿರುತ್ತದೆ. ಹಸ್ತ, ಚಿತ್ತೆಗಳ ಮಳೆ ಇನ್ನೂ ಬಾಕಿ. ನಾಳೆ ಅದು ಕಣಕ್ಕೆ ಬಂದೀತು, ಕೆಸರಿಗೂ ಬಿದ್ದೀತು. ಕೈಸೇರಿದ ಲಾಭಕ್ಕೆ ಕೊಡುವ ರಶೀದಿ ಅದಲ್ಲವೆಂಬುದು ಇದರಿಂದ ಸ್ಪಷ್ಟ. ನಮಗೆ ಸಲ್ಲಬೇಕಾದದ್ದೆಂಬ ಹಕ್ಕಿನ ಮಾತಿಲ್ಲದೆ, ಬಂದಷ್ಟಕ್ಕೆ ಸಲ್ಲಿಸುವ ಕೃತಜ್ಞತೆ ಅದು; ಪಕ್ಕದ ಮನೆಯ ಬಾಗಿಲಿಗೂ ಒಂದು ಕದಿರು ಇರಲಿ ಎಂಬ ಮಾತು ಅದರ ಜೊತೆಗೇ ಬರುತ್ತದೆ. ಮುಗಿಲಿಗೆ ವಾಡಿಕೆಯಿಲ್ಲದೆ ಇರಬಹುದು. ಕೊಡುವುದಕ್ಕೆ, ಹಂಚಿಕೊಳ್ಳುವುದಕ್ಕೆ, ಹೊಳೆಯ ಬಣ್ಣವನ್ನು ನೋಡಿ ಕೆಳಗಿನವರನ್ನು ಕೂಗಿ ಎಚ್ಚರಿಸುವುದಕ್ಕೆ ಮನುಷ್ಯನಿಗೆ ವಾಡಿಕೆ ಇರಬೇಕು. ಅದನ್ನು ನಾವು ಒಬ್ಬರಿಂದೊಬ್ಬರು ಹಕ್ಕಿನಿಂದಲೇ ಕೇಳಬಹುದು.